‘ಬಿಸಿನೀರು ಸೇರಿ ಬಾಡಿಗೆ’: ಲೆಕ್ಕ ತಪ್ಪುವುದೆಲ್ಲಿ?

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳ ಪೇಟೆ ಬೀದಿಗಳಲ್ಲಿ ಕೆಳಗೆ ಮಳಿಗೆ, ಮೇಲೆ ಬಾಡಿಗೆ ಮನೆ ಅಥವಾ ಕೊಠಡಿಗಳಿರುವ ಕಟ್ಟಡಗಳು ಸಾಮಾನ್ಯ ನೋಟ. ವ್ಯಾಪಾರದಲ್ಲಿ ಉಳಿಸಿದ ಹಣವನ್ನು ಮೇಲಂತಸ್ತಿನಲ್ಲಿ ತೊಡಗಿಸಿ, ತಿಂಗಳಿಗಿಷ್ಟು ಖಚಿತ ಆದಾಯ ಮಾಡಿಕೊಳ್ಳುವುದು ವರ್ತಕರೂ ಸಣ್ಣ ಉದ್ಯಮಿಗಳೂ ಬಹುಕಾಲದಿಂದ ಅನುಸರಿಸುತ್ತ ಬಂದ ಕ್ರಮ. ಹಳ್ಳಿಗಳಿಂದ ಓದಲು ಬರುವ ವಿದ್ಯಾರ್ಥಿಗಳು, ವರ್ಗವಾಗಿ ಬರುವ ನೌಕರರು, ಅಂಗಡಿ ಹಾಗೂ ಗಿರಣಿಗಳ ಕೆಲಸಗಾರರು ಇಂತಹ ಕೊಠಡಿಗಳ ಬಾಡಿಗೆದಾರರು. ಕರಾರು ಬಹುಪಾಲು ಬಾಯಿಮಾತಿನದು: ‘ನೀರು, ಕರೆಂಟು ಎಲ್ಲ ಸೇರಿ ತಿಂಗಳಿಗೆ ಇಷ್ಟು.’

ಈ ಮಾತು ಇಬ್ಬರಿಗೂ ಸುಲಭ. ಮಾಲೀಕರಿಗೆ ಪ್ರತ್ಯೇಕ ಮೀಟರಿನ ಗೋಜಿಲ್ಲ; ಬಾಡಿಗೆದಾರರಿಗೆ ಬಿಲ್ಲಿನ ಚಿಂತೆಯಿಲ್ಲ. ಆದರೆ ಕಾರ್ತಿಕ ಕಳೆದು ಧನುರ್ಮಾಸದ ಚಳಿ ಆರಂಭವಾಗುತ್ತಿದ್ದಂತೆ ಬಾಡಿಗೆ ಅಷ್ಟೇ ಉಳಿದು ವಿದ್ಯುತ್ ಬಿಲ್ಲು ಏರತೊಡಗುತ್ತದೆ. ಆಗ ಮಾಲೀಕರು ಗೀಸರಿನ ಸ್ವಿಚ್ಚು ಆರಿಸುತ್ತಾರೆ. ಬಾಡಿಗೆದಾರರು ಪೇಟೆಯಿಂದ ನೀರು ಕಾಯಿಸುವ ರಾಡು ತಂದು ಬಕೆಟ್ಟಿಗೆ ಇಳಿಬಿಡುತ್ತಾರೆ. ಮನಸ್ತಾಪ ಬೆಳೆದು ಕೊನೆಗೆ ಕೊಠಡಿ ಖಾಲಿಯಾಗುತ್ತದೆ. ಎರಡು ತಿಂಗಳು ಖಾಲಿ ಬಿದ್ದ ಕೊಠಡಿಯ ನಷ್ಟವು ಇಡೀ ಚಳಿಗಾಲದ ಬಿಸಿನೀರಿನ ಖರ್ಚಿಗಿಂತ ಹೆಚ್ಚೆಂಬುದು ಆಗ ಅರಿವಿಗೆ ಬರುತ್ತದೆ.

ಚಳಿ ದೇಶಗಳ ಬಾಡಿಗೆ ಮನೆಗಳಲ್ಲಿ ಕೋಣೆಯನ್ನು ಬೆಚ್ಚಗಿಡುವ ವೆಚ್ಚವೇ ದೊಡ್ಡದು. ಮಲೆನಾಡಿನ ಅಂಚಿನ ಈ ತಾಲ್ಲೂಕುಗಳಲ್ಲಿ ಕೋಣೆ ಕಾಯಿಸುವ ಅಗತ್ಯವಿಲ್ಲ. ಇಲ್ಲಿ ಶಾಖದ ವೆಚ್ಚವೆಂದರೆ ಬಚ್ಚಲಿನ ವೆಚ್ಚ. ಆದುದರಿಂದ ಅದನ್ನು ಹಿಡಿತಕ್ಕೆ ತರುವುದೂ ಹೆಚ್ಚು ಸುಲಭ. ಅದಕ್ಕೆ ಬೇಕಾದುದು ಬಿಗಿ ನಿರ್ಬಂಧವಲ್ಲ, ಸರಿಯಾದ ಅಳತೆ.

ಒಂದು ಬಕೆಟ್ ಬಿಸಿನೀರಿನ ಬೆಲೆ

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತಿನಿಂದ ಸುಮಾರು 860 ಕಿಲೊಕ್ಯಾಲೊರಿ ಶಾಖ ದೊರೆಯುತ್ತದೆ. ಇವೆರಡು ಅಂಕಿಗಳು ತಿಳಿದಿದ್ದರೆ ಯಾವ ಮಾಲೀಕರೂ ತಮ್ಮ ಕಟ್ಟಡದ ಲೆಕ್ಕವನ್ನು ತಾವೇ ಹಾಕಬಹುದು.

ಚಳಿಗಾಲದ ಬೆಳಿಗ್ಗೆ ತೊಟ್ಟಿಯ ನೀರು 20 ಡಿಗ್ರಿ ಸೆಲ್ಸಿಯಸ್ ಇದ್ದು, ಸ್ನಾನಕ್ಕೆ 40 ಡಿಗ್ರಿಯ ನೀರು ಬೇಕೆಂದು ಇಟ್ಟುಕೊಳ್ಳೋಣ. 20 ಲೀಟರಿನ ಒಂದು ಬಕೆಟ್ ನೀರಿಗೆ 400 ಕಿಲೊಕ್ಯಾಲೊರಿ, ಅಂದರೆ ಅರ್ಧ ಯೂನಿಟ್ಟಿಗಿಂತ ತುಸು ಕಡಿಮೆ ವಿದ್ಯುತ್ ಸಾಕು. ತೆರಿಗೆಯೂ ಸೇರಿ ಯೂನಿಟ್ಟಿಗೆ 7 ರೂ. ಎಂದು ಹಿಡಿದರೆ ಬಕೆಟ್ಟಿಗೆ ಮೂರು ರೂಪಾಯಿ ಚಿಲ್ಲರೆ. ಅದೇ ವ್ಯಕ್ತಿ ನಿಮಿಷಕ್ಕೆ 9 ಲೀಟರ್ ಸುರಿಸುವ ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ 90 ಲೀಟರ್ ನೀರು, ಎರಡು ಯೂನಿಟ್ಟಿಗೂ ಮಿಗಿಲಾದ ವಿದ್ಯುತ್, ಸುಮಾರು 14–15 ರೂ. ಖರ್ಚಾಗುತ್ತದೆ. ಒಂದೇ ಸ್ನಾನ, ನಾಲ್ಕೂವರೆ ಪಟ್ಟು ವ್ಯತ್ಯಾಸ.

ಆರು ಕೊಠಡಿಗಳಲ್ಲಿ ಇಬ್ಬರಂತೆ 12 ಜನರಿರುವ ಕಟ್ಟಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದಿನಕ್ಕೆ ತಲೆಗೊಂದು ಬಕೆಟ್ ಎಂದರೆ ತಿಂಗಳಿಗೆ ಸುಮಾರು 167 ಯೂನಿಟ್, 1,170 ರೂ. ತಲೆಗೆರಡು ಬಕೆಟ್ ಆದರೆ ಇದರ ಇಮ್ಮಡಿ. ತಮ್ಮ ಬಿಲ್ಲಿನಲ್ಲಿರುವ ದರವನ್ನು 7 ರೂ. ಬದಲಿಗೆ ಇಟ್ಟು, ತಮ್ಮ ಬಾಡಿಗೆದಾರರ ಸಂಖ್ಯೆಯಿಂದ ಗುಣಿಸಿದರೆ ಪ್ರತಿಯೊಬ್ಬರಿಗೂ ತಮ್ಮ ಕಟ್ಟಡದ ಅಂಕಿ ಸಿಗುತ್ತದೆ. ಚಳಿಗಾಲದ ಬಿಲ್ಲು ಇದಕ್ಕಿಂತ ತೀರಾ ಹೆಚ್ಚಿದ್ದರೆ ಸೋರಿಕೆ ಎಲ್ಲೋ ಇದೆಯೆಂದೇ ಅರ್ಥ.

ಸೋರಿಕೆಯ ಮೂರು ದಾರಿಗಳು

ಮೊದಲನೆಯದು, ಸದಾ ಚಾಲೂ ಇರುವ ಗೀಸರ್. ಯಾರೂ ಸ್ನಾನ ಮಾಡದಿದ್ದರೂ ಕಾದ ನೀರು ತಣಿಯುತ್ತಲೇ ಇರುತ್ತದೆ, ಯಂತ್ರ ಅದನ್ನು ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ. ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಗುರುತು ಗೀಸರಿನ ಮಟ್ಟಿಗೆ ಅಳೆಯುವುದು 24 ಗಂಟೆಗಳಲ್ಲಾಗುವ ಈ ನಷ್ಟವನ್ನೇ. ಕೊಳ್ಳುವಾಗ ಹೆಚ್ಚು ನಕ್ಷತ್ರಗಳಿರುವುದನ್ನು ಆರಿಸುವುದು ಇದೇ ಕಾರಣಕ್ಕೆ. ಗೀಸರೊಂದಕ್ಕೆ ದಿನಕ್ಕೆ ಅರ್ಧ ಯೂನಿಟ್ ನಷ್ಟವೆಂದರೂ ಆರು ಗೀಸರುಗಳಿಗೆ ತಿಂಗಳಿಗೆ 90 ಯೂನಿಟ್, 630 ರೂ. ಯಾರ ಮೈಗೂ ತಾಗದೆ ಹೋಗುತ್ತದೆ. ಬೆಳಿಗ್ಗೆ ನಿಗದಿತ ಹೊತ್ತಿಗೆ ಹೊತ್ತಿ ಆರುವ ಟೈಮರ್ ಸ್ವಿಚ್ಚು ಇದರ ಬಹುಪಾಲನ್ನು ಉಳಿಸುತ್ತದೆ. ಹೊತ್ತನ್ನು ಬಾಡಿಗೆದಾರರ ಕಾಲೇಜು, ಕೆಲಸದ ವೇಳೆಯನ್ನು ವಿಚಾರಿಸಿಯೇ ಗೊತ್ತುಮಾಡತಕ್ಕದ್ದು.

ಎರಡನೆಯದು, ಅಗತ್ಯಕ್ಕಿಂತ ದೊಡ್ಡ ಪಾತ್ರೆ ಮತ್ತು ಅಗತ್ಯಕ್ಕಿಂತ ಹೆಚ್ಚಿನ ಕಾವು. 25 ಲೀಟರಿನ ಗೀಸರನ್ನು 20ರಿಂದ 60 ಡಿಗ್ರಿಗೆ ಏರಿಸಲು 1.16 ಯೂನಿಟ್ ಬೇಕು. 60 ಡಿಗ್ರಿಯ ಒಂದು ಲೀಟರಿಗೆ ಒಂದು ಲೀಟರ್ ತಣ್ಣೀರು ಬೆರೆತರೆ ಸ್ನಾನದ ಹದಕ್ಕೆ ಬರುವುದರಿಂದ ಅದು ಎರಡೂವರೆ ಬಕೆಟ್ ನೀರಿಗೆ ಸಮ. ಒಬ್ಬರು ಸ್ನಾನ ಮಾಡಿ ಉಳಿಸಿದ ಬಿಸಿನೀರು ಸಂಜೆಯೊಳಗೆ ತಣಿದು ಹೋಗುತ್ತದೆ. ಇಬ್ಬರ ಕೊಠಡಿಗೆ ಚಿಕ್ಕ ಗೀಸರ್ ಸಾಕು. ಉಷ್ಣ ನಿಯಂತ್ರಕವನ್ನು 55–60 ಡಿಗ್ರಿಗಿಂತ ಮೇಲೇರಿಸುವುದು ವ್ಯರ್ಥ. ಹಾಗೆಂದು ತೀರಾ ಕೆಳಗಿಳಿಸುವುದೂ ಸಲ್ಲ, ಏಕೆಂದರೆ ಬಹುಕಾಲ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ರೋಗಾಣುಗಳು ಬೆಳೆಯುತ್ತವೆ.

ಮೂರನೆಯದು, ಉದ್ದದ ಕೊಳವೆ. ಒಳವ್ಯಾಸ 20 ಮಿ.ಮೀ. ಇರುವ 15 ಮೀಟರ್ ಕೊಳವೆಯಲ್ಲಿ ಸುಮಾರು 4.7 ಲೀಟರ್ ನೀರು ನಿಲ್ಲುತ್ತದೆ. ಮಹಡಿಯ ಮೇಲಿನ ತೊಟ್ಟಿಯಿಂದ ಬಿಸಿನೀರು ಕೆಳಗಿನ ನಲ್ಲಿಗೆ ಬರುವಷ್ಟರಲ್ಲಿ ಅಷ್ಟು ತಣ್ಣೀರು ಚರಂಡಿಗೆ ಹೋಗುತ್ತದೆ. ನಲ್ಲಿ ನಿಲ್ಲಿಸಿದ ಮೇಲೆ ಅಷ್ಟೇ ಬಿಸಿನೀರು ಕೊಳವೆಯಲ್ಲೇ ತಣಿಯುತ್ತದೆ. ಕೊಳವೆಯ ದಾರಿ ಚಿಕ್ಕದಾಗಿರುವಂತೆ ಬಚ್ಚಲುಗಳನ್ನು ಒಂದರ ಮೇಲೊಂದು ಕಟ್ಟುವುದು, ಬಿಸಿನೀರಿನ ಕೊಳವೆಗೆ ಶಾಖ ನಿರೋಧಕ ಹೊದಿಕೆ ಹಾಕುವುದು ಕಟ್ಟಡ ಏಳುವಾಗಲೇ ಆಗಬೇಕಾದ ಕೆಲಸ.

ನೀರು ಕಾಯಿಸುವ ರಾಡು ವಿದ್ಯುತ್ ನುಂಗುತ್ತದೆಂಬ ದೂರು ಸಾಮಾನ್ಯ. ವಾಸ್ತವವಾಗಿ ರಾಡಿಗೆ ಹೋದ ವಿದ್ಯುತ್ತೆಲ್ಲ ನೀರಿನ ಶಾಖವೇ ಆಗುತ್ತದೆ. ಬಕೆಟ್ಟಿಗೆ ತಗಲುವ ಯೂನಿಟ್ ಗೀಸರಿನಷ್ಟೇ. ಅದರ ದೋಷ ವೆಚ್ಚದ್ದಲ್ಲ, ಅಪಾಯದ್ದು. ಒದ್ದೆ ನೆಲದ ಮೇಲೆ ನಿಂತು, ಸ್ವಿಚ್ಚು ಆರಿಸದೆ ನೀರು ಮುಟ್ಟಿ ನೋಡಿದರೆ ಜೀವಕ್ಕೇ ಸಂಚಕಾರ. ಆದುದರಿಂದ ರಾಡನ್ನು ನಿಷೇಧಿಸುವ ಮಾಲೀಕರು ಬದಲಿ ಬಿಸಿನೀರಿನ ವ್ಯವಸ್ಥೆಯನ್ನೂ ಮಾಡಬೇಕು. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಸೋರಿಕೆ ರಕ್ಷಕ ಬ್ರೇಕರ್ ಪ್ರತಿ ಬಾಡಿಗೆ ಕಟ್ಟಡದಲ್ಲೂ ಇರಬೇಕಾದುದು ಉಳಿತಾಯಕ್ಕಿಂತ ಮೊದಲಿನ ಕರ್ತವ್ಯ.

ಮೂರು ಕಿಲೊವ್ಯಾಟಿನ ತತ್‌ಕ್ಷಣದ ಗೀಸರುಗಳನ್ನು ಕೊಠಡಿಗೊಂದರಂತೆ ಅಳವಡಿಸುವ ಮೊದಲೂ ಯೋಚಿಸಬೇಕು. ಬೆಳಿಗ್ಗೆ ಆರೂ ಒಟ್ಟಿಗೆ ಹೊತ್ತಿದರೆ 18 ಕಿಲೊವ್ಯಾಟ್ ಹೊರೆ. ನಿಗದಿತ ಶುಲ್ಕವು ಮಂಜೂರಾದ ಹೊರೆಯ ಮೇಲೆ ನಿಂತಿರುವುದರಿಂದ, ಬಳಸಿದರೂ ಬಳಸದಿದ್ದರೂ ಪ್ರತಿ ತಿಂಗಳು ಅದನ್ನು ತೆರಬೇಕಾಗುತ್ತದೆ.

ಒಂದೇ ಮೀಟರಿನ ನಷ್ಟ

ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಮೆಸ್ಕಾಂ. 2023ರ ಜುಲೈ ತಿಂಗಳ ಬಳಕೆಯಿಂದ ರಾಜ್ಯದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಬಾಡಿಗೆ ಮನೆಗಳ ಲೆಕ್ಕವನ್ನೇ ಬದಲಿಸಿತು. 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಮನೆಯ ಉಚಿತ ಪ್ರಮಾಣವನ್ನು ಗೊತ್ತುಮಾಡಲಾಯಿತು. ಗರಿಷ್ಠ ಮಿತಿ 200 ಯೂನಿಟ್. ಉಚಿತ ಪ್ರಮಾಣ ಮೀರಿದರೂ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಮಾತ್ರ ಹಣ. 200 ಮೀರಿದರೆ ಇಡೀ ಬಿಲ್ಲು ತೆರಬೇಕು. ತಮ್ಮ ಮನೆಯ ಆರ್.ಆರ್. ಸಂಖ್ಯೆಯನ್ನು ಆಧಾರ್‌ಗೆ ಜೋಡಿಸಿದ ಬಾಡಿಗೆದಾರರಿಗೂ ಯೋಜನೆ ಅನ್ವಯ.

ಇದರ ಪರಿಣಾಮ ಸ್ಪಷ್ಟ. ಮೂರು ಸಂಸಾರಗಳು ಒಂದೇ ಮೀಟರಿನ ಕೆಳಗಿದ್ದು ‘ಎಲ್ಲ ಸೇರಿ’ ಬಾಡಿಗೆ ಕೊಡುತ್ತಿದ್ದರೆ, ಒಟ್ಟು ಬಳಕೆ ಸುಲಭವಾಗಿ 200 ದಾಟುತ್ತದೆ. ಮೂವರಲ್ಲಿ ಯಾರಿಗೂ ಪ್ರಯೋಜನವಿಲ್ಲ, ಬಿಲ್ಲೆಲ್ಲ ಮಾಲೀಕರ ತಲೆಗೆ. ಅಡಿಗೆಮನೆ, ಬಚ್ಚಲು ಸಹಿತ ಪ್ರತ್ಯೇಕ ವಾಸದ ಮನೆಗಳಿದ್ದಲ್ಲಿ ಪ್ರತ್ಯೇಕ ಸಂಪರ್ಕ ಪಡೆಯುವ ಬಗ್ಗೆ ಮೆಸ್ಕಾಂ ಕಛೇರಿಯಲ್ಲಿ ವಿಚಾರಿಸುವುದು ಮಾಲೀಕರು ಮಾಡಬಹುದಾದ ಮೊದಲ ಲಾಭದಾಯಕ ಕೆಲಸ. ಒಮ್ಮೆ ಆಗುವ ಸಂಪರ್ಕ ವೆಚ್ಚವನ್ನು ಪ್ರತಿ ತಿಂಗಳ ಬಿಲ್ಲಿನೊಡನೆ ಹೋಲಿಸಿ ನೋಡಬೇಕು.

ಕೊಠಡಿಗಳನ್ನು ವಸತಿಗೃಹ ಅಥವಾ ಲಾಡ್ಜಿನಂತೆ ನಡೆಸುವವರ ಪರಿಸ್ಥಿತಿ ಬೇರೆ. ಗೃಹಜ್ಯೋತಿ ಮನೆಬಳಕೆಗೆ ಮಾತ್ರ. ಮಂಜೂರಾದ ಉದ್ದೇಶ ಬಿಟ್ಟು ಬೇರೆ ಉದ್ದೇಶಕ್ಕೆ ವಿದ್ಯುತ್ ಬಳಸಿದರೆ, ವಿದ್ಯುತ್ ಕಾಯ್ದೆ 2003ರ 126ನೇ ಕಲಮಿನಂತೆ ಅನ್ವಯವಾಗುವ ದರದ ಎರಡು ಪಟ್ಟು ವಿಧಿಸಲು ಅವಕಾಶವಿದೆ. ತಮ್ಮ ಕಟ್ಟಡ ಯಾವ ದರವರ್ಗಕ್ಕೆ ಸೇರುತ್ತದೆಂಬುದನ್ನು ಮೊದಲೇ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಬಿಸಿಲು ಮತ್ತು ಅಡಿಕೆ ಸಿಪ್ಪೆ

ಕರ್ನಾಟಕವು ದೊಡ್ಡ ಹೊಸ ಕಟ್ಟಡಗಳಿಗೆ ಸೌರ ಜಲತಾಪಕವನ್ನು 2007ರಲ್ಲಿ ಕಡ್ಡಾಯಗೊಳಿಸಿದ ರಾಜ್ಯ. ಬಾಡಿಗೆ ಕಟ್ಟಡಕ್ಕೆ ಸೌರ ತಾಪಕ ಹೊಂದುತ್ತದೆಯೇ ಎಂಬುದಕ್ಕೆ ಮೇಲಿನ ಲೆಕ್ಕವೇ ಉತ್ತರ ಕೊಡುತ್ತದೆ. 12 ಜನರಿಗೆ ತಲೆಗೊಂದು ಬಕೆಟ್ ಎಂದರೆ 40 ಡಿಗ್ರಿಯ 240 ಲೀಟರ್ ನೀರು. ಅದು 60 ಡಿಗ್ರಿಯ 120 ಲೀಟರಿಗೆ ಸಮ. ರಾತ್ರಿ ತಣಿಯುವ ಪಾಲನ್ನೂ ಸೇರಿಸಿದರೆ 150–200 ಲೀಟರಿನ ತಾಪಕ ಸಾಕು. ತಲೆ ಎಣಿಸಿ 300, 400 ಲೀಟರಿನದನ್ನು ಕೊಳ್ಳಬೇಕಿಲ್ಲ. ವರ್ಷದಲ್ಲಿ ಎಂಟು ತಿಂಗಳು ಬಿಸಿಲು ಸಿಕ್ಕರೆ ಉಳಿತಾಯ ಸುಮಾರು 1,330 ಯೂನಿಟ್, 9,300 ರೂ. ಮಾರಾಟಗಾರರು ಹೇಳಿದ ಬೆಲೆಯನ್ನು ಈ ಅಂಕಿಯಿಂದ ಭಾಗಿಸಿದರೆ ಹಾಕಿದ ಹಣ ಎಷ್ಟು ವರ್ಷಕ್ಕೆ ಮರಳುತ್ತದೆಂಬುದು ತಿಳಿಯುತ್ತದೆ.

ಎರಡು ಎಚ್ಚರಿಕೆಗಳು ಅವಶ್ಯ. ಮಲೆನಾಡಿನ ಮಳೆಗಾಲದಲ್ಲಿ ಸೂರ್ಯನನ್ನು ನಂಬುವಂತಿಲ್ಲ. ಬದಲಿ ವ್ಯವಸ್ಥೆ ಇರಲೇಬೇಕು. ಮಂಗಗಳ ಕಾಟವಿರುವಲ್ಲಿ ಗಾಜಿನ ಕೊಳವೆಗಳ ಮಾದರಿಗಿಂತ ಗಟ್ಟಿ ಗಾಜು ಹೊದಿಸಿದ ಚಪ್ಪಟೆ ಫಲಕದ ಮಾದರಿ ಬಾಳಿಕೆಗೆ ಮೇಲು. ಸೌರ ತಾಪಕವಿರುವ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂ. ರಿಯಾಯಿತಿ ರಾಜ್ಯದ ವಿದ್ಯುತ್ ದರಪಟ್ಟಿಗಳಲ್ಲಿ ನಡೆದುಬಂದಿದೆ. ತಮ್ಮ ಸಂಪರ್ಕಕ್ಕೆ ಅದು ಸಲ್ಲುತ್ತದೆಯೇ ಎಂದು ಕೇಳಿ ನೋಡಬಹುದು.

ಮಳೆಗಾಲದ ಬದಲಿ ವ್ಯವಸ್ಥೆ ಈ ಭಾಗದವರ ಹಿತ್ತಿಲಲ್ಲೇ ಇದೆ. ಹಂಡೆಯೊಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಕರಟ, ಸೌದೆ ಹಾಕುವುದು ಹಳೆಯ ರೂಢಿ. ಹಸಿ ಅಡಿಕೆ ಸುಲಿದು ಬೇಯಿಸುವ ಊರುಗಳಲ್ಲಿ ಸಿಪ್ಪೆಯ ರಾಶಿಯೇ ವಿಲೇವಾರಿಯ ತೊಂದರೆಯಾಗುವುದುಂಟು. ಒಣಗಿಸಿ ಮಳೆಗೆ ಮೊದಲೇ ಮಾಡಿನ ಕೆಳಗೆ ಕೂಡಿಟ್ಟರೆ ಅದು ಇಂಧನ. ಆದರೆ ಒಲೆಯ ಗುಣಕ್ಕೆ ತಕ್ಕಂತೆ ಖರ್ಚು. ಮೇಲೆ ಹೇಳಿದ 240 ಲೀಟರಿಗೆ 4,800 ಕಿಲೊಕ್ಯಾಲೊರಿ ಬೇಕು. ಕಿಲೋಗೆ 3,500 ಕಿಲೊಕ್ಯಾಲೊರಿ ಕೊಡುವ ಒಣ ಸೌದೆಯ ಶಾಖದಲ್ಲಿ ಶೇ. 15ನ್ನು ಮಾತ್ರ ನೀರಿಗೆ ಮುಟ್ಟಿಸುವ ಒಲೆಗೆ ದಿನಕ್ಕೆ 9 ಕಿಲೋ, ಶೇ. 30 ಮುಟ್ಟಿಸುವ ಒಲೆಗೆ ನಾಲ್ಕೂವರೆ ಕಿಲೋ ಸೌದೆ ಬೇಕಾಗುತ್ತದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಒಲೆಗಳು ಈ ದಿಸೆಯಲ್ಲಿ ದಾರಿ ತೋರಿದವು: ಮುಚ್ಚಿದ ಬೆಂಕಿಗೂಡು, ಗಾಳಿಯಾಡಲು ಕೆಳಗೆ ಜಾಲರಿ, ಹೊಗೆ ಹೊರಹೋಗಲು ಕೊಳವೆ. ಹೊಗೆ ಕೊಠಡಿಗಳಿಗೆ ನುಗ್ಗುವಂತಿದ್ದರೆ ಎಂತಹ ಉಳಿತಾಯವೂ ಬಾಡಿಗೆದಾರರನ್ನು ಉಳಿಸಿಕೊಡದು.

ಕರಾರಿನಲ್ಲಿ ಬರೆಯಬೇಕಾದದ್ದು

ಉಪಕರಣಗಳು ಎಷ್ಟೇ ಒಳ್ಳೆಯವಾದರೂ ಕರಾರು ಸಡಿಲವಾಗಿದ್ದರೆ ಫಲವಿಲ್ಲ. ಎಲ್ಲ ಸೇರಿದ ಬಾಡಿಗೆಯಲ್ಲಿ ಉಳಿಸಿದರೆ ಬಾಡಿಗೆದಾರರಿಗೆ ಲಾಭವಿಲ್ಲ. ಬಿಲ್ಲನ್ನು ಪೂರ್ತಿಯಾಗಿ ಬಾಡಿಗೆದಾರರಿಗೇ ವಹಿಸಿದರೆ, ಒಳ್ಳೆಯ ಗೀಸರ್ ಇಲ್ಲವೆ ಸೌರ ತಾಪಕ ಹಾಕಿಸುವ ಆಸ್ಥೆ ಮಾಲೀಕರಿಗಿರುವುದಿಲ್ಲ. ಎರಡರಲ್ಲೂ ಒಬ್ಬರು ಕೈಚೆಲ್ಲುತ್ತಾರೆ.

ಜರ್ಮನಿಯು ಈ ತೊಡಕನ್ನು 1981ರ ನಿಯಮವೊಂದರಿಂದ ಬಿಡಿಸಿತು. ಅಲ್ಲಿ ಹಲವು ಮನೆಗಳಿಗೆ ಒಂದೇ ಕಡೆಯಿಂದ ಶಾಖ, ಬಿಸಿನೀರು ಒದಗುವ ಕಟ್ಟಡಗಳಲ್ಲಿ ವೆಚ್ಚದ ಶೇ. 50ರಿಂದ 70ರಷ್ಟನ್ನು ಪ್ರತಿ ಮನೆಯ ಅಳತೆಯಾದ ಬಳಕೆಯಂತೆ, ಉಳಿದುದನ್ನು ಮನೆಯ ವಿಸ್ತೀರ್ಣ ಮೊದಲಾದ ಸ್ಥಿರ ಆಧಾರದ ಮೇಲೆ ಹಂಚಬೇಕು. ಬಳಸಿದವರು ಬಳಸಿದ್ದಕ್ಕೆ ಕೊಡುತ್ತಾರೆ. ಕಟ್ಟಡದ ಕೊಳವೆ, ಪಾತ್ರೆಗಳಲ್ಲಾಗುವ ನಷ್ಟವನ್ನು ಎಲ್ಲರೂ ಹೊರುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ‘ತಣ್ಣನೆಯ ಬಾಡಿಗೆ’, ‘ಬೆಚ್ಚನೆಯ ಬಾಡಿಗೆ’ ಎಂಬ ಎರಡು ಅಂಕಿಗಳು ಚಿರಪರಿಚಿತ.

ಇದೇ ತತ್ತ್ವವನ್ನು ಪೇಟೆಯ ಆರು ಕೊಠಡಿಗಳ ಕಟ್ಟಡಕ್ಕೂ ಹೊಂದಿಸಬಹುದು. ಕೊಠಡಿಗೊಂದು ಉಪಮೀಟರ್ ಇರಲಿ. ಇಬ್ಬರ ಬಿಸಿನೀರಿಗೆ ತಿಂಗಳಿಗೆ 28 ಯೂನಿಟ್, ದೀಪ–ಫ್ಯಾನುಗಳಿಗೆ ಇಪ್ಪತ್ತರಷ್ಟು ಎಂದು ಹಿಡಿದು, 50 ಯೂನಿಟ್ ಬಾಡಿಗೆಯಲ್ಲೇ ಸೇರಿದೆಯೆಂದೂ ಮೀರಿದುದಕ್ಕೆ ಬಿಲ್ಲಿನ ದರವೆಂದೂ ಬರೆಯಬಹುದು. 50ಕ್ಕಿಂತ ಕಡಿಮೆ ಬಳಸಿದವರಿಗೆ ಉಳಿದ ಯೂನಿಟ್ಟನ್ನು ಮುಂದಿನ ತಿಂಗಳಿಗೆ ಜಮೆ ಕೊಟ್ಟರೆ ಉಳಿಸುವ ಉತ್ಸಾಹ ತಾನಾಗಿ ಬರುತ್ತದೆ. ಸೌರ ತಾಪಕದ ನೀರನ್ನು ಬಾಡಿಗೆಯ ಭಾಗವಾಗಿ ಕೊಟ್ಟು, ವಿದ್ಯುತ್ತನ್ನು ಮಾತ್ರ ಅಳೆದರೆ ಮಾಲೀಕರ ಬಂಡವಾಳಕ್ಕೂ ಬೆಲೆ ಬಂದಂತೆ.

ಉಪಮೀಟರ್ ಇರುವುದು ಬಿಲ್ಲನ್ನು ನ್ಯಾಯವಾಗಿ ಹಂಚಲಿಕ್ಕೆ, ಲಾಭಕ್ಕೆ ವಿದ್ಯುತ್ ಮಾರಲಿಕ್ಕಲ್ಲ. ಪರವಾನಗಿಯಿಲ್ಲದ ವಿದ್ಯುತ್ ವ್ಯಾಪಾರಕ್ಕೆ 2003ರ ಕಾಯ್ದೆಯಲ್ಲಿ ಅವಕಾಶವಿಲ್ಲ. ಪ್ರತಿ ತಿಂಗಳ ಮೊದಲ ದಿನ ಇಬ್ಬರ ಎದುರಿನಲ್ಲಿ ಅಂಕಿ ಬರೆದು, ಬಿಲ್ಲಿನ ಪ್ರತಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿದರೆ ವಾದಕ್ಕೆ ಎಡೆಯಿರದು. ಹನ್ನೆರಡು ತಿಂಗಳ ಬಿಲ್ಲುಗಳನ್ನು ಕೂಡಿ ಹನ್ನೆರಡರಿಂದ ಭಾಗಿಸಿಯೇ ಬಾಡಿಗೆಯ ಅಂಕಿ ಗೊತ್ತುಮಾಡಬೇಕು. ಬೇಸಿಗೆಯ ಬಿಲ್ಲು ನೋಡಿ ಬಾಡಿಗೆ ಹೇಳಿದವರೇ ಚಳಿಗಾಲದಲ್ಲಿ ಸ್ವಿಚ್ಚು ಆರಿಸುವವರು. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಬೇಕಾಗುವುದರಿಂದ ಹನ್ನೊಂದು ತಿಂಗಳ ಕರಾರು ಎಲ್ಲೆಡೆ ರೂಢಿಯಲ್ಲಿದೆ. ಹೊಸ ಷರತ್ತುಗಳನ್ನು ಅದರ ನವೀಕರಣದ ವೇಳೆಗೆ, ಮುಂಚಿತವಾಗಿ ತಿಳಿಸಿ ಜಾರಿಗೆ ತರುವುದು ಧರ್ಮ. ಕೊಟ್ಟ ಮಾತನ್ನು ನಡುವೆ ಕಡಿದು ಬಿಸಿನೀರು ನಿಲ್ಲಿಸುವುದು ವ್ಯವಹಾರವಂತರಿಗೆ ಶೋಭಿಸದು.

ಅಂಗಡಿಯಲ್ಲಿ ಒಂದು ಕಿಲೋ ಬೆಲ್ಲವನ್ನೂ ತಕ್ಕಡಿಯಲ್ಲಿಡದೆ ಕೊಡದ ವರ್ತಕರು, ಅದೇ ಕಟ್ಟಡದ ಮೇಲಂತಸ್ತಿನಲ್ಲಿ ವರ್ಷವಿಡೀ ಬಿಸಿನೀರನ್ನು ಅಳೆಯದೆ ಕೊಟ್ಟು ಆಮೇಲೆ ಬಾಡಿಗೆದಾರರನ್ನು ದೂರುವುದು ಸರಿಯಲ್ಲ. ಅಳತೆ ಇಬ್ಬರ ಕಣ್ಣೆದುರಿಗಿದ್ದರೆ ಮಾಲೀಕರ ಆದಾಯ ಉಳಿಯುತ್ತದೆ, ಬಾಡಿಗೆದಾರರಿಗೆ ಚಳಿಯ ಬೆಳಿಗ್ಗೆಯೂ ಒಂದು ಬಕೆಟ್ ಬಿಸಿನೀರು ಸಿಗುತ್ತದೆ. ಈ ವರ್ಷದ ಚಳಿ ಬರುವ ಮೊದಲು ಕಳೆದ ಹನ್ನೆರಡು ಬಿಲ್ಲುಗಳನ್ನು ಒಂದೆಡೆ ಜೋಡಿಸಿ ನೋಡುವುದರಿಂದ ಈ ಕೆಲಸವನ್ನು ಆರಂಭಿಸಬಹುದು.